ಗೆದ್ದವರಿಗೆ ಕಪ್, ಸೋತವರಿಗೆ ಕಮೋಡು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಲೋವೆಲ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ನಾಲ್ಕು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಕೇಂದ್ರ ಎಂದಿಟ್ಟುಕೊಳ್ಳಿ. 1974ರಲ್ಲಿ ಈ ಊರಿನ ಸ್ಕಾಟ್ ಮೆಕ್‌ನೀಲ್ ಎಂಬ ತರುಣ ತನ್ನ ಗೆಳೆಯರನ್ನೆಲ್ಲ ಮನೆಗೆ ಕರೆದ. ಊಟಕ್ಕಲ್ಲ, ಹುಟ್ಟುಹಬ್ಬಕ್ಕೂ ಅಲ್ಲ. ಮನೆಯ ಮುಂದೆ ಕಾರು ನಿಲ್ಲಿಸುವ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸಲು! ಬಂದವರು 18 ಮಂದಿ. ಬಹುಮಾನದ ಒಟ್ಟು ಮೊತ್ತ 18 ಡಾಲರ್. ತಲೆಗೊಂದು ಡಾಲರಿನ ಲೆಕ್ಕ.

ಗೆಳೆಯರ ನಡುವಿನ 'ನಾನು ಮೇಲೋ ನೀನು ಮೇಲೋ' ಎಂಬ ವ್ಯಾಜ್ಯ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಸೋತವನು 'ಮುಂದಿನ ವರ್ಷ ನೋಡ್ಕೋತೀನಿ' ಎನ್ನದೆ ಮನೆಗೆ ಹೋಗುವುದುಂಟೆ? ಈ ಪಂದ್ಯಾವಳಿಯೂ ವರ್ಷ ವರ್ಷ ನಡೆಯತೊಡಗಿತು. ಸ್ಕಾಟ್‌ನ ಅಡ್ಡಹೆಸರು ಗಸ್ ಮ್ಯಾಕರ್. ಪಂದ್ಯಾವಳಿಗೂ ಅದೇ ಹೆಸರು ಅಂಟಿಕೊಂಡಿತು. ಗೆಳೆಯರು ತಮ್ಮ ಗೆಳೆಯರನ್ನು ಕರೆತಂದರು, ಅವರು ತಮ್ಮ ಭಾವಮೈದುನರನ್ನು ಕರೆತಂದರು. ಒಂದು ಅಂಗಳ ಸಾಲದಾಯಿತು, ಬೀದಿಗೆ ಇಳಿಯಿತು. 1980ರ ದಶಕದ ಕೊನೆಯ ಹೊತ್ತಿಗೆ ಲೋವೆಲ್ ಊರೇ ಸಾಲದಾಗಿ, ಪಕ್ಕದ ಬೆಲ್ಡಿಂಗ್ ಪಟ್ಟಣಕ್ಕೆ ಬಿಡಾರ ಎತ್ತಬೇಕಾಯಿತು. ಅಲ್ಲಿಂದ ಮುಂದೆ ಬೇರೆ ಬೇರೆ ರಾಜ್ಯಗಳ ಊರುಗಳಲ್ಲೂ ಇದೇ ಹೆಸರಿನಲ್ಲಿ ಪಂದ್ಯಾವಳಿಗಳು ಹುಟ್ಟಿಕೊಂಡವು. ಈವರೆಗೆ ಆಡಿದವರ ಸಂಖ್ಯೆ ಇಪ್ಪತ್ತು ಲಕ್ಷ ದಾಟಿದೆ ಎಂದು ಸಂಘಟಕರು ಹೇಳಿಕೊಳ್ಳುತ್ತಾರೆ. ಸಂಘಟಕರ ಲೆಕ್ಕವೆಂದು ಸ್ವಲ್ಪ ಕಡಿತ ಮಾಡಿಕೊಂಡರೂ ಹದಿನೆಂಟಕ್ಕೆ ಹೋಲಿಸಿದರೆ ಕಡಿಮೆಯೇನಲ್ಲ.

ಇಷ್ಟಕ್ಕೂ ಇವರು ಆಡುವುದು ನಾವು ಟಿ.ವಿ.ಯಲ್ಲಿ ನೋಡುವ ಬ್ಯಾಸ್ಕೆಟ್‌ಬಾಲ್ ಅಲ್ಲ. ಅಲ್ಲಿ ತಂಡಕ್ಕೆ ಐವರು, ಎರಡು ಬುಟ್ಟಿ, ತೊಂಬತ್ತನಾಲ್ಕು ಅಡಿ ಉದ್ದದ ಅಂಕಣ. ಮನೆ ಮುಂದಿನ ಅಂಗಳಕ್ಕೆ ಅದನ್ನು ತುರುಕುವುದು ಹೇಗೆ? ಅಮೆರಿಕದ ಅನೇಕ ಮನೆಗಳಲ್ಲಿ ಗ್ಯಾರೇಜಿನ ಬಾಗಿಲ ಮೇಲೆ ಒಂದು ಹಲಗೆ ಹೊಡೆದು, ಅದಕ್ಕೊಂದು ರಿಂಗು ಸಿಕ್ಕಿಸಿರುತ್ತಾರೆ. ರಿಂಗು ಒಂದೇ ಆದ್ದರಿಂದ ಎರಡೂ ತಂಡಗಳು ಅದಕ್ಕೇ ಎಸೆಯಬೇಕು. ಜಾಗ ಇಕ್ಕಟ್ಟಾದ್ದರಿಂದ ತಂಡಕ್ಕೆ ಮೂವರು ಸಾಕು. ಸುಸ್ತಾದವನಿಗೆ ಬದಲಿಯಾಗಿ ನಾಲ್ಕನೆಯವನೊಬ್ಬ ಹೊರಗೆ ಕಾಯುತ್ತಾನೆ. ಎದುರಾಳಿಯ ಎಸೆತ ತಪ್ಪಿ ಚೆಂಡು ನಿಮ್ಮ ಕೈಗೆ ಬಂದರೆ ಅಲ್ಲೇ ನಿಂತು ಬುಟ್ಟಿಗೆ ಹಾಕುವಂತಿಲ್ಲ. ಗೆರೆಯ ಹೊರಗೆ ಹೋಗಿ ಬಂದು ಹೊಸದಾಗಿ ಶುರು ಮಾಡಬೇಕು. ಜಾಗವಿಲ್ಲದ ಕಡೆ ಜನ ಕಂಡುಕೊಂಡ ಉಪಾಯವೇ ಆಟದ ನಿಯಮವಾಯಿತು.

ನಮ್ಮ ಗಲ್ಲಿ ಕ್ರಿಕೆಟ್ ನೆನಪಾಗುತ್ತದಲ್ಲವೆ? ಕಾಂಪೌಂಡ್ ದಾಟಿದರೆ ಔಟು, ಹೊಡೆದವನೇ ಹೋಗಿ ಚೆಂಡು ತರಬೇಕು. ಗೋಡೆಗೆ ಬಡಿದು ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿದರೆ ಔಟು. ಹುಡುಗರು ಬೆಸಸಂಖ್ಯೆಯಲ್ಲಿದ್ದರೆ ಒಬ್ಬ 'ಜೋಕರ್', ಅವನಿಗೆ ಎರಡೂ ಕಡೆ ಬ್ಯಾಟಿಂಗ್. ಬ್ಯಾಟು ಯಾರದೋ ಅವನೇ ಕ್ಯಾಪ್ಟನ್. ಅವನನ್ನು ಬೇಗ ಔಟ್ ಮಾಡಿದರೆ ಬ್ಯಾಟಿನೊಂದಿಗೆ ಮನೆಗೆ ಹೋದಾನೆಂಬ ಭಯಕ್ಕೆ ಮೊದಲ ಚೆಂಡು 'ಟ್ರಯಲ್'! ಈ ಕಾನೂನುಗಳನ್ನು ಯಾವ ಕ್ರಿಕೆಟ್ ಮಂಡಳಿಯೂ ಬರೆದದ್ದಲ್ಲ. ಬೀದಿ ಬರೆದದ್ದು.

ಮ್ಯಾಕರ್ ಪಂದ್ಯಗಳಲ್ಲೂ ಫೌಲ್ ಆಯಿತೆಂದು ಕೂಗುವುದು ಆಟಗಾರರೇ. ಸೀಟಿ ಊದುವ ರೆಫರಿ ಪ್ರತಿ ಪಂದ್ಯವನ್ನೂ ಕಾಯುತ್ತ ನಿಲ್ಲುವುದಿಲ್ಲ. ಹಾಗೆಂದು ಜಗಳವಾಗುವುದಿಲ್ಲವೆ? ಧಾರಾಳವಾಗಿ ಆಗುತ್ತದೆ. ಅದನ್ನು ಬಿಡಿಸುವುದಕ್ಕೆಂದೇ 'ಗಸ್ ಬಸ್ಟರ್' ಎಂಬ ಹೆಸರಿನ ಕಾರ್ಯಕರ್ತರು ಸುಳಿದಾಡುತ್ತಿರುತ್ತಾರೆ. ಆಟಗಾರರ ವಾದ ಮಿತಿ ಮೀರಿದಾಗ ಮಾತ್ರ ಇವರ ಪ್ರವೇಶ. ಗೆಲುವಿಗೆ ಹದಿನೈದು ಅಂಕ. ಮಾಮೂಲಿ ಬುಟ್ಟಿಗೆ ಒಂದು, ದೂರದಿಂದ ಹಾಕಿದರೆ ಎರಡು. ಅರ್ಧ ಗಂಟೆಯೊಳಗೆ ಪಂದ್ಯ ಮುಗಿದು, ಇನ್ನರ್ಧ ಗಂಟೆ ಅದರ ಬಗ್ಗೆ ಚರ್ಚೆ ನಡೆಯುತ್ತದೆ.

ಸೋಲಿಗೂ ಒಂದು ಅಂತಸ್ತು

ಈ ಪಂದ್ಯಾವಳಿಯ ನಿಜವಾದ ಜಾಣತನ ಇರುವುದು ಸೋತವರನ್ನು ನಡೆಸಿಕೊಳ್ಳುವ ರೀತಿಯಲ್ಲಿ. ನಮ್ಮ ಶಾಲಾ ಕ್ರೀಡಾಕೂಟಗಳ ಲೆಕ್ಕ ತೆಗೆದುಕೊಳ್ಳಿ. ಹೆಚ್ಚಿನವು ನಾಕೌಟ್ ಪದ್ಧತಿಯವು. ಹದಿನಾರು ತಂಡ ಬಂದರೆ ಮೊದಲ ಸುತ್ತಿನಲ್ಲೇ ಎಂಟು ತಂಡಗಳು ಗಂಟುಮೂಟೆ ಕಟ್ಟಬೇಕು. ಬೆಳಗಿನ ಐದಕ್ಕೆ ಎದ್ದು, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಹಿಡಿದು, ಎರಡು ಬಸ್ಸು ಬದಲಿಸಿ ಬಂದ ಹುಡುಗ ಅರ್ಧ ಗಂಟೆ ಆಡಿ ಹನ್ನೊಂದಕ್ಕೆ ವಾಪಸ್ ಬಸ್ಸು ಹತ್ತುತ್ತಾನೆ. ಯಾರಿಗೆ ಆಟದ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಅತಿ ಕಡಿಮೆ ಆಟ. ಚೆನ್ನಾಗಿ ಆಡುವವರಿಗೆ ಮತ್ತಷ್ಟು ಆಟ. ವಿಚಿತ್ರವಾದರೂ ಇದನ್ನೇ ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಮ್ಯಾಕರ್‌ನಲ್ಲಿ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯಗಳ ಖಾತರಿ ಉಂಟು. ಒಮ್ಮೆ ಸೋತವರು ಸೋತವರ ಗುಂಪಿನಲ್ಲಿ ಆಡುತ್ತಾರೆ. ಮೊದಲ ಎರಡೂ ಪಂದ್ಯ ಸೋತರೆ? ಆಗ ಅವರಿಗಾಗಿಯೇ ಇನ್ನೊಂದು ವಿಭಾಗ ಕಾದಿದೆ. ಅದರ ಹೆಸರು 'ಟಾಯ್ಲೆಟ್ ಬೌಲ್'! ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಪ್ರತಿಷ್ಠಿತ ಪಂದ್ಯಗಳಿಗೆ 'ರೋಸ್ ಬೌಲ್', 'ಆರೆಂಜ್ ಬೌಲ್' ಎಂದೆಲ್ಲ ಹೆಸರು. ಅದರ ಅಣಕವಿದು. ಸೋತು ಸುಣ್ಣವಾದವರೆಲ್ಲ ಸೇರಿ ಇದಕ್ಕಾಗಿ ಹೋರಾಡುತ್ತಾರೆ. ಗೆದ್ದವರಿಗೆ ಟ್ರೋಫಿಯೂ ಉಂಟು, ಅದರ ತುದಿಯಲ್ಲೊಂದು ಪುಟಾಣಿ ಕಮೋಡು ಕೂತಿರುತ್ತದೆ.

ಕಮೋಡನ್ನು ಗೆದ್ದು ಮನೆಗೆ ತಂದ ಮಗನಿಗೆ ಅಪ್ಪ ಏನೆನ್ನಬೇಕು? ನಗದೆ ಇರಲಾರ. ಮಗನೂ ನಗುತ್ತಾನೆ. ಆ ನಗುವೇ ಸೋಲಿನ ಮುಳ್ಳನ್ನು ಕಿತ್ತುಹಾಕುತ್ತದೆ. 'ಸೋಲೇ ಗೆಲುವಿನ ಸೋಪಾನ' ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ತರರು ಎಷ್ಟು ಸಲ ಹೇಳಿದರೂ ಆಗದ ಕೆಲಸವನ್ನು ಆ ಪ್ಲಾಸ್ಟಿಕ್ ಕಮೋಡು ಮಾಡಿಬಿಡುತ್ತದೆ.

ಇನ್ನೊಂದು ವ್ಯವಸ್ಥೆಯೂ ಮೆಚ್ಚುವಂಥದ್ದು. ಹೆಸರು ನೋಂದಾಯಿಸುವಾಗ ಆಟಗಾರರು ತಮ್ಮ ವಯಸ್ಸು, ಎತ್ತರ, ಆಟದ ಅನುಭವ ಇಷ್ಟನ್ನೂ ಬರೆಯಬೇಕು. ಅದನ್ನು ನೋಡಿ ಸರಿಸಮನಾದ ತಂಡಗಳನ್ನು ಒಂದೇ ಗುಂಪಿಗೆ ಹಾಕುತ್ತಾರೆ. ಹತ್ತು ವರ್ಷದ ಮಕ್ಕಳಿಗೂ ಜಾಗವಿದೆ, ಬೊಜ್ಜು ಬಂದ ನಲವತ್ತರ ಅಪ್ಪಂದಿರಿಗೂ ಜಾಗವಿದೆ, ಹುಡುಗಿಯರಿಗೂ ಇದೆ, ಕಾಲೇಜು ತಂಡಗಳಲ್ಲಿ ಆಡಿ ಪಳಗಿದವರಿಗೂ ಇದೆ. ಐದಡಿಯವನನ್ನು ಆರೂವರೆ ಅಡಿಯವನ ಎದುರು ನಿಲ್ಲಿಸಿ 'ಧೈರ್ಯವಾಗಿ ಆಡು' ಎನ್ನುವ ಕ್ರೌರ್ಯ ಇಲ್ಲಿಲ್ಲ. ಹಾಗೆಂದೇ ಪಂದ್ಯಗಳು ಕೊನೆಯವರೆಗೂ ಬಿಗಿಯಾಗಿರುತ್ತವೆ, ಮುಂದಿನ ವರ್ಷಕ್ಕೆ ಹಗೆಯೂ ಉಳಿದುಕೊಳ್ಳುತ್ತದೆ!

ಅಂದಹಾಗೆ, ಮಿಷಿಗನ್‌ನ ಈ ಹುಡುಗರಿಗಿಂತ ಎರಡು ವರ್ಷ ಮೊದಲೇ ನೆರೆಯ ಇಂಡಿಯಾನಾ ರಾಜ್ಯದ ನಾಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಇಂಥದೇ ಇನ್ನೊಂದು ಹಬ್ಬ ಶುರುವಾಗಿತ್ತು. 1972ರಲ್ಲಿ ವಿದ್ಯಾರ್ಥಿಗಳೇ ಹುಟ್ಟುಹಾಕಿದ ಇದರ ಹೆಸರು 'ಬುಕ್‌ಸ್ಟೋರ್ ಬ್ಯಾಸ್ಕೆಟ್‌ಬಾಲ್'. ಕ್ಯಾಂಪಸ್ಸಿನ ಪುಸ್ತಕದಂಗಡಿಯ ಹಿಂದಿನ ಬಯಲು ಅಂಕಣಗಳಲ್ಲಿ ಆಡಿದ್ದಕ್ಕೆ ಆ ಹೆಸರು. ಪುಸ್ತಕದಂಗಡಿ ಆಮೇಲೆ ಬೇರೆ ಕಡೆ ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಇಲ್ಲಿ ತಂಡಕ್ಕೆ ಐವರು, ಇಪ್ಪತ್ತೊಂದು ಬುಟ್ಟಿ ಹಾಕಿದವರು ಗೆದ್ದಂತೆ. ವಸಂತ ಋತುವಿನ ಪಂದ್ಯಾವಳಿಯೆಂದು ಹೆಸರಿಗೆ ಹೇಳಿದರೂ ಆ ಪ್ರದೇಶದ ಏಪ್ರಿಲ್ ತಿಂಗಳನ್ನು ನಂಬುವಂತಿಲ್ಲ. ಮಳೆ ಬಂದರೂ ಸರಿ, ಹಿಮ ಬಿದ್ದರೂ ಸರಿ, ಆಟ ನಿಲ್ಲಬಾರದೆಂಬುದು ಸಂಪ್ರದಾಯ. ನೂರಾರು ತಂಡಗಳು ಸೇರುತ್ತವೆ. ಇವರಲ್ಲಿ ಗೆಲ್ಲಲೆಂದು ಬಂದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಹಾಸ್ಟೆಲಿನ ಪಕ್ಕದ ಕೋಣೆಯವರನ್ನು ಒಮ್ಮೆಯಾದರೂ ಸೋಲಿಸಬೇಕೆಂದು ಬಂದವರು.

ಈ ಎರಡೂ ಕೂಟಗಳ ದೊಡ್ಡ ಮನರಂಜನೆ ತಂಡದ ಹೆಸರುಗಳು. ಪದಗಳನ್ನು ತಿರುಚಿ, ಸಿನಿಮಾ ಹೆಸರುಗಳನ್ನು ಕೆಡಿಸಿ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮನ್ನೇ ಗೇಲಿ ಮಾಡಿಕೊಂಡು ಹೆಸರಿಟ್ಟುಕೊಳ್ಳುತ್ತಾರೆ. ನಾಟರ್ ಡೇಮ್ ಕ್ಯಾಥೊಲಿಕ್ ಪಾದ್ರಿಗಳು ಸ್ಥಾಪಿಸಿದ ವಿಶ್ವವಿದ್ಯಾಲಯವಾದ್ದರಿಂದ ಹುಡುಗರು ಕೊಟ್ಟ ಹೆಸರುಗಳಲ್ಲಿ ಕೆಲವಕ್ಕೆ ಕತ್ತರಿ ಬೀಳುವುದುಂಟು. ನಮ್ಮ ಹುಡುಗರ ಕೈಗೆ ಈ ಕೆಲಸ ಕೊಟ್ಟರೆ 'ಗಣಿತದಲ್ಲಿ ಮೂವತ್ತೈದು', 'ಉಪ್ಪಿಟ್ಟು ವಿರೋಧಿಗಳು', 'ಅಟೆಂಡೆನ್ಸ್ ಶಾರ್ಟೇಜ್' ಎಂಬ ತಂಡಗಳು ಒಂದೇ ದಿನದಲ್ಲಿ ಹುಟ್ಟಿಕೊಂಡಾವು!

ಹಗೆಯೂ ಬೇಕು, ಗೆಳೆಯನ ಹಗೆ

ಇದನ್ನೆಲ್ಲ ಬರೀ ತಮಾಷೆ ಎಂದು ತಳ್ಳಿಹಾಕುವ ಹಾಗಿಲ್ಲ. ಗೆಳೆಯರ ನಡುವಿನ ಪೈಪೋಟಿಯನ್ನು ಮನಶ್ಶಾಸ್ತ್ರಜ್ಞರು ಗಂಭೀರವಾಗಿಯೇ ಅಳೆದು ನೋಡಿದ್ದಾರೆ. ಗೇವಿನ್ ಕಿಲ್‌ಡಫ್ ಎಂಬ ಸಂಶೋಧಕ ತನ್ನ ಸಹೋದ್ಯೋಗಿಗಳೊಂದಿಗೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ಕುರಿತದ್ದು. ಯಾರು ಯಾರಿಗೆ ಕಟ್ಟಾ ಎದುರಾಳಿ, ಏಕೆ ಎಂಬುದೇ ಪ್ರಶ್ನೆ. ಉತ್ತರ ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿದ್ದದ್ದೇ: ಹತ್ತಿರದವರು, ನಮ್ಮ ಹಾಗೆಯೇ ಇರುವವರು, ಮತ್ತು ಹಿಂದೆ ಕೂದಲೆಳೆಯಲ್ಲಿ ಸೋತೋ ಗೆದ್ದೋ ಲೆಕ್ಕ ಉಳಿಸಿಕೊಂಡವರು. ದೂರದೂರಿನ ಬಲಶಾಲಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಪಕ್ಕದ ಬೆಂಚಿನವನಿಗೆ ಎರಡು ಅಂಕ ಹೆಚ್ಚು ಬಂದರೆ ನಿದ್ದೆ ಬಾರದು.

ಇದೇ ಕಿಲ್‌ಡಫ್ 2014ರಲ್ಲಿ ಹವ್ಯಾಸಿ ಓಟಗಾರರ ಕ್ಲಬ್ಬೊಂದರ ದಾಖಲೆಗಳನ್ನು ಜಾಲಾಡಿದ. ತನ್ನ ಖಾಸಾ ಎದುರಾಳಿ ಅದೇ ಓಟದಲ್ಲಿದ್ದಾಗ ಓಟಗಾರರು ಕಿಲೋಮೀಟರಿಗೆ ಸುಮಾರು ಐದು ಸೆಕೆಂಡು ವೇಗವಾಗಿ ಓಡಿದ್ದು ಕಂಡುಬಂತು. ಐದು ಕಿಲೋಮೀಟರ್ ಓಟಕ್ಕೆ ಇಪ್ಪತ್ತೈದು ಸೆಕೆಂಡು ಉಳಿತಾಯ! ಹಣದ ಬಹುಮಾನವಿಲ್ಲ, ಕೋಚ್‌ನ ಗದರಿಕೆಯಿಲ್ಲ. 'ಅವನ ಹಿಂದೆ ಬಿದ್ದೆನೆಂದರೆ ಸೋಮವಾರ ಎಲ್ಲರ ಮುಂದೆ ಆಡಿಕೊಳ್ಳುತ್ತಾನೆ' ಎಂಬ ಒಂದು ಭಯವೇ ಕಾಲಿಗೆ ಚಕ್ರ ಕಟ್ಟುತ್ತದೆ.

ಆದರೆ ಇದೇ ಕತ್ತಿಗೆ ಇನ್ನೊಂದು ಅಲಗೂ ಇದೆ. 2016ರಲ್ಲಿ ಬಂದ ಅವರದೇ ಇನ್ನೊಂದು ಅಧ್ಯಯನ ಇಟಲಿಯ ಫುಟ್‌ಬಾಲ್ ಲೀಗನ್ನು ನೋಡಿತು. ಕಟ್ಟಾ ಎದುರಾಳಿಗಳ ಪಂದ್ಯಗಳಲ್ಲಿ ಹಳದಿ, ಕೆಂಪು ಕಾರ್ಡುಗಳು ಹೆಚ್ಚು. ಪೈಪೋಟಿ ಬಿಸಿಯಾದರೆ ಮೋಸಕ್ಕೂ ಕೈ ಮುಂದೆ ಬರುತ್ತದೆ ಎಂದಾಯಿತು. ಪೈಪೋಟಿಯನ್ನು ಕಾಯಿಸುವುದು ಸುಲಭ, ಉಕ್ಕದಂತೆ ನೋಡಿಕೊಳ್ಳುವುದೇ ಕಷ್ಟ. ಹಾಲು ಉಕ್ಕದಿರಲೆಂದು ಪಾತ್ರೆಯ ಮೇಲೆ ಸೌಟು ಅಡ್ಡ ಇಡುತ್ತಾರಲ್ಲ, ಗೆಳೆಯರ ಕೂಟದಲ್ಲಿ ಆ ಸೌಟಿನ ಕೆಲಸವನ್ನು ನಗೆ ಮಾಡುತ್ತದೆ. ತನ್ನ ತಂಡಕ್ಕೆ ತಾನೇ 'ಮುದಿ ಎತ್ತುಗಳು' ಎಂದು ಹೆಸರಿಟ್ಟುಕೊಂಡವನು ಒಂದು ಫೌಲಿಗಾಗಿ ಕಾಲರ್ ಹಿಡಿದು ನಿಂತರೆ ಯಾರೂ ಅವನನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅವನಿಗೂ ಅದು ಗೊತ್ತು.

ಒಂದು ಮಾತು ಪೋಷಕರಿಗೆ. ಮಕ್ಕಳ ಪಂದ್ಯಗಳಲ್ಲಿ ಗೆರೆಯಾಚೆ ನಿಂತ ಅಪ್ಪ ಅಮ್ಮಂದಿರ ಗಂಟಲು ಕೇಳಿದವರಿಗೆ ಆಟ ಆಡುತ್ತಿರುವವರು ಯಾರೆಂಬ ಅನುಮಾನ ಬಾರದಿರದು. ಮಕ್ಕಳು ಪಂದ್ಯ ಮುಗಿದ ಐದೇ ನಿಮಿಷಕ್ಕೆ ಎದುರಾಳಿಯ ಹೆಗಲ ಮೇಲೆ ಕೈ ಹಾಕಿ ಐಸ್‌ಕ್ಯಾಂಡಿ ಚೀಪುತ್ತ ಹೋಗುತ್ತಾರೆ. ಅಪ್ಪಂದಿರು ಮಾತ್ರ ಸ್ಕೂಟರಿನ ಹತ್ತಿರ ನಿಂತು ಇನ್ನೂ ಆ ಮೂರನೇ ಫೌಲಿನ ವಿಚಾರಣೆ ನಡೆಸಿರುತ್ತಾರೆ. ಅಪ್ಪಂದಿರಿಗೂ ಒಂದು ಪಂದ್ಯ ಆಡಿಸಿಬಿಟ್ಟರೆ ಈ ರೋಗ ಅರ್ಧ ಗುಣವಾದೀತು. ಎರಡು ನಿಮಿಷದ ಓಟಕ್ಕೇ ಏದುಸಿರು ಬಂದಾಗ, ಮಗ ಏಕೆ ಆ ಬುಟ್ಟಿ ತಪ್ಪಿಸಿದ ಎಂಬುದು ತಾನಾಗಿ ಅರ್ಥವಾಗುತ್ತದೆ.

ಜೋರ್ಡಾನ್ ಆಗದವರ ಗತಿ

ಬ್ಯಾಸ್ಕೆಟ್‌ಬಾಲ್ ಎಂದರೆ ಮೈಕೆಲ್ ಜೋರ್ಡಾನ್ ಹೆಸರು ಬರಲೇಬೇಕು. ಶಾಲೆಯಲ್ಲಿ ಅವರನ್ನು 'ತಂಡದಿಂದ ಕಿತ್ತುಹಾಕಿದ್ದರು' ಎಂಬ ಕಥೆಯನ್ನು ಪ್ರೇರಣೆಯ ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ನಿಜ ಸಂಗತಿ ಸ್ವಲ್ಪ ಬೇರೆ. 1978ರಲ್ಲಿ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನಲ್ಲಿ ಅವರಿಗೆ ಮುಖ್ಯ ತಂಡದಲ್ಲಿ ಜಾಗ ಸಿಗಲಿಲ್ಲ. ಆ ಜಾಗ ಹೋದದ್ದು ಅವರ ಗೆಳೆಯ ಲೆರಾಯ್ ಸ್ಮಿತ್‌ಗೆ. ತಂಡಕ್ಕೆ ಎತ್ತರದವರು ಬೇಕಿತ್ತು, ಸ್ಮಿತ್ ಎತ್ತರವಾಗಿದ್ದ. ಜೋರ್ಡಾನ್‌ರನ್ನು ಮನೆಗೆ ಕಳಿಸಲಿಲ್ಲ, ಕಿರಿಯರ ತಂಡದಲ್ಲಿ ಆಡಿಸಿದರು. ಭಾಷಣಕಾರರು ಬಿಟ್ಟುಬಿಡುವುದು ಈ ಕೊನೆಯ ವಾಕ್ಯವನ್ನು! ಆಯ್ಕೆಯಾಗದ ಹುಡುಗನಿಗೆ ಆ ವರ್ಷ ಪೂರ್ತಿ ಆಡಲು ಇನ್ನೊಂದು ತಂಡ ಇತ್ತು. ಛಲದಷ್ಟೇ ಆ ಜಾಗವೂ ಮುಖ್ಯವಾಯಿತು.

ನಮ್ಮಲ್ಲಿ ಆ ಇನ್ನೊಂದು ತಂಡ ಎಲ್ಲಿದೆ? ಐನೂರು ಮಕ್ಕಳ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹನ್ನೆರಡು ಮಂದಿ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏಣಿ ಹತ್ತುವವರು ಅವರು. ಉಳಿದವರು ಚಪ್ಪಾಳೆ ತಟ್ಟುವವರು. ಎಂಟನೇ ತರಗತಿಯವರೆಗೆ ಮನೆ ಮುಂದೆ ಕುಣಿಯುತ್ತಿದ್ದ ಹುಡುಗ ಒಂಬತ್ತಕ್ಕೆ ಬಂದೊಡನೆ ಟ್ಯೂಷನ್ನಿಗೆ ಹೋಗುತ್ತಾನೆ. ಹತ್ತಕ್ಕೆ ಬಂದ ಮೇಲೆ ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಎರವಲು ಪಡೆಯುತ್ತಾರೆ. ಮರಳಿ ಕೊಟ್ಟ ಉದಾಹರಣೆಯನ್ನು ಯಾರೂ ಕಂಡಂತಿಲ್ಲ. ಹುಡುಗಿಯರ ಪಾಡು ಇನ್ನೂ ಮೊದಲೇ ಮುಗಿದಿರುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. 'ಬಿ' ವಿಭಾಗದ ಫೈನಲಿನಲ್ಲಿ ಭಾರತದ ಹುಡುಗಿಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿದರು. ಎರಡೇ ಅಂಕದ ಅಂತರ! ಅದನ್ನು ಕಂಡು ಮೈ ಜುಮ್ಮೆಂದ ಶಾಲಾ ಬಾಲಕಿಯೊಬ್ಬಳು ಮರುದಿನ ಸಂಜೆ ಚೆಂಡು ಹಿಡಿದು ಹೊರಟರೆ ಎಲ್ಲಿಗೆ ಹೋಗಬೇಕು? ಶಾಲೆಯ ಗೇಟಿಗೆ ನಾಲ್ಕೂವರೆಗೇ ಬೀಗ ಬಿದ್ದಿರುತ್ತದೆ.

ಹವ್ಯಾಸಿಗಳ ಕೂಟಗಳು ಮುಟ್ಟುವುದು ಈ ಉಳಿದವರನ್ನು. ಅಮೆರಿಕದ ಪಶ್ಚಿಮದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೋಕೇನ್ ಎಂಬ ನಗರವಿದೆ. 1990ರಿಂದ ಅಲ್ಲಿ 'ಹೂಪ್‌ಫೆಸ್ಟ್' ನಡೆಯುತ್ತಿದೆ. ಜೂನ್ ಕೊನೆಯ ವಾರಾಂತ್ಯದಲ್ಲಿ ಪೇಟೆಬೀದಿಗಳಿಗೆ ವಾಹನ ಬಂದ್. ಡಾಂಬರಿನ ಮೇಲೆ ಗೆರೆ ಎಳೆದು, ತಳ್ಳುವ ಬುಟ್ಟಿಕಂಬ ನಿಲ್ಲಿಸಿದರೆ ಅಂಕಣ ಸಿದ್ಧ. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಹೀಗೆ ನಾನೂರಕ್ಕೂ ಹೆಚ್ಚು ಅಂಕಣ, ಆರು ಸಾವಿರಕ್ಕೂ ಹೆಚ್ಚು ತಂಡ! ನಮ್ಮ ಕರಗ, ಕಡಲೆಕಾಯಿ ಪರಿಷೆಗಳಿಗೆ ಬೀದಿ ಬಿಟ್ಟುಕೊಡುವ ಹಾಗೆ ಅವರು ಆಟಕ್ಕೆ ಬೀದಿ ಬಿಟ್ಟುಕೊಡುತ್ತಾರೆ. 2020 ಮತ್ತು 2021ರಲ್ಲಿ ಸಾಂಕ್ರಾಮಿಕದಿಂದಾಗಿ ಈ ಜಾತ್ರೆ ನಡೆಯಲಿಲ್ಲ. 2022ರಲ್ಲಿ ಮತ್ತೆ ಕೂಡಿತು.

ಈ ಆಟದ ಮೂಲಪುರುಷನ ಕಥೆಯೂ ಇದಕ್ಕೆ ಹೊಂದಿಕೊಳ್ಳುತ್ತದೆ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಅಂಚಿಗೆ ಹೊಡೆದು ಬ್ಯಾಸ್ಕೆಟ್‌ಬಾಲ್ ಆರಂಭಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ತಂಟೆ ಮಾಡುತ್ತಿದ್ದ ತರಗತಿಯನ್ನು ಸುಮ್ಮನಿರಿಸುವುದೇ ಉದ್ದೇಶ. ಆ ತರಗತಿಯಲ್ಲಿದ್ದವರು ಎಷ್ಟು ಮಂದಿ ಗೊತ್ತೆ? ಲೋವೆಲ್‌ನ ಅಂಗಳದಲ್ಲಿ ಸೇರಿದ್ದಷ್ಟೇ, ಹದಿನೆಂಟು! ಒಂಬತ್ತೊಂಬತ್ತು ಮಂದಿಯ ಎರಡು ತಂಡ. ಮೊದಲ ಪಂದ್ಯದ ಫಲಿತಾಂಶ 1–0. ನೈಸ್ಮಿತ್ ಮುಂದೆ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಕೋಚ್ ಆದರು. ಅಲ್ಲಿ ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾಲಯದ ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಇವರೊಬ್ಬರದೇ, ಆಟವನ್ನು ಕಂಡುಹಿಡಿದ ಪುಣ್ಯಾತ್ಮನದೇ! ಅವರ ಕಾಲದಲ್ಲಿ ಟಾಯ್ಲೆಟ್ ಬೌಲ್ ಇದ್ದಿದ್ದರೆ ಮನೆಯ ಶೋಕೇಸು ತುಂಬುತ್ತಿತ್ತು.

ಗ್ಯಾರೇಜಿನ ಮುಂದಿನ ಮೂವರ ಆಟ ಈಗ ಒಲಿಂಪಿಕ್ಸ್ ಮೆಟ್ಟಿಲನ್ನೂ ಹತ್ತಿದೆ. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಇದಕ್ಕೆ ಪದಕ ಇಟ್ಟರು. ಹತ್ತು ನಿಮಿಷ ಅಥವಾ ಇಪ್ಪತ್ತೊಂದು ಅಂಕ, ಯಾವುದು ಮೊದಲೋ ಅದಕ್ಕೆ ಪಂದ್ಯ ಮುಗಿಯಿತು. ಚೆಂಡು ಸಿಕ್ಕ ಹನ್ನೆರಡು ಸೆಕೆಂಡಿನೊಳಗೆ ಎಸೆಯಲೇಬೇಕು. ತಮಾಷೆಯೆಂದರೆ, ಈ ಆಟ ಇಷ್ಟು ಬೆಳೆದ ಅಮೆರಿಕದ ಪುರುಷರ ತಂಡ ಟೋಕಿಯೊಗೆ ಅರ್ಹತೆಯನ್ನೇ ಪಡೆಯಲಿಲ್ಲ! ಚಿನ್ನ ಗೆದ್ದದ್ದು ಪುಟ್ಟ ಲಾಟ್ವಿಯಾ. ಮಹಿಳೆಯರ ಚಿನ್ನ ಅಮೆರಿಕಕ್ಕೆ ಹೋಗಿ ಮಾನ ಉಳಿಯಿತು. 2024ರ ಪ್ಯಾರಿಸ್‌ನಲ್ಲಿ ಅಮೆರಿಕದ ಪುರುಷರಿಗೆ ಎಂಟು ತಂಡಗಳಲ್ಲಿ ಏಳನೇ ಸ್ಥಾನ. ನೆದರ್ಲೆಂಡ್ಸ್ ಹೆಚ್ಚುವರಿ ಅವಧಿಯಲ್ಲಿ ಫ್ರಾನ್ಸನ್ನು 18–17ರಿಂದ ಸೋಲಿಸಿ ಚಿನ್ನ ಪಡೆಯಿತು.

ನಾವೂ ನಡೆಸಿದರೆ?

ಇದಕ್ಕೆ ಬೇಕಾದದ್ದು ಬಹಳವೇನಿಲ್ಲ. ಹದಿನೈದು ಮೀಟರ್ ಅಗಲ, ಹನ್ನೊಂದು ಮೀಟರ್ ಉದ್ದದ ಸಮತಟ್ಟು ಜಾಗವಿದ್ದರೆ ಒಲಿಂಪಿಕ್ಸ್ ಅಳತೆಯ ಅಂಕಣವೇ ಆಗುತ್ತದೆ. ಅಷ್ಟಿಲ್ಲದಿದ್ದರೂ ಚಿಂತೆಯಿಲ್ಲ, ಲೋವೆಲ್‌ನವರು ಅಳೆದು ಆಡಿದವರಲ್ಲ. ರಿಂಗು ನೆಲದಿಂದ ಹತ್ತು ಅಡಿ ಎತ್ತರದಲ್ಲಿರಲಿ. ಚಿಕ್ಕ ಮಕ್ಕಳಾದರೆ ಎಂಟಡಿಗೆ ಇಳಿಸಿ. ನೆಲ ಜಾರದಂತಿರಬೇಕು, ಕಾಲಿಗೆ ಹವಾಯಿ ಚಪ್ಪಲಿಯ ಬದಲು ಬೂಟಿರಬೇಕು. ಪಾದದ ಗಂಟು ಹೊರಳುವುದು ಈ ಆಟದಲ್ಲಿ ಮಾಮೂಲು. ಎತ್ತರ, ವಯಸ್ಸು ನೋಡಿ ಗುಂಪು ಮಾಡುವ ಕೆಲಸವನ್ನು ಶಾಲೆಯ ಪಿ.ಟಿ. ಮೇಷ್ಟ್ರಿಗೆ ವಹಿಸಿದರೆ ಪೀರಿಯಡ್ಡು ಕಳೆದುಕೊಂಡ ಅವರ ದುಃಖವೂ ಸ್ವಲ್ಪ ಶಮನವಾದೀತು. ನಾಕೌಟ್ ಮಾತ್ರ ಬೇಡ. ಪ್ರತಿ ತಂಡಕ್ಕೂ ಮೂರು ಪಂದ್ಯ. ದಿನಾಂಕ ಪ್ರತಿವರ್ಷ ಒಂದೇ ಇರಲಿ, ಬೇಸಿಗೆ ರಜೆಯ ಮೊದಲ ಭಾನುವಾರವೋ ದಸರಾ ರಜೆಯ ಕೊನೆಯ ಭಾನುವಾರವೋ. ಪರ ಊರಿನ ಕಾಲೇಜಿಗೆ ಹೋದವನು, ಕೆಲಸ ಹಿಡಿದು ಬೆಂಗಳೂರು ಸೇರಿದವನು ಆ ತಾರೀಕಿಗೆ ರಜೆ ಹಾಕಿ ಬರಬೇಕಲ್ಲ! ಹಳೆಯ ಬಾಕಿ ತೀರಿಸುವುದಕ್ಕಾಗಿಯಾದರೂ ಬಂದೇ ಬರುತ್ತಾನೆ.

ಇನ್ನು ಟ್ರೋಫಿ. ಗೆದ್ದವರಿಗೆ ಯಾವ ಕಪ್ ಕೊಟ್ಟರೂ ಆದೀತು, ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಸೋತವರ ವಿಭಾಗಕ್ಕೆ ಅಮೆರಿಕದಿಂದ ಕಮೋಡು ತರಿಸುವ ಅಗತ್ಯವಿಲ್ಲ. ಅದಕ್ಕಿಂತ ಅರ್ಥಗರ್ಭಿತವಾದ ವಸ್ತು ನಮ್ಮಲ್ಲೇ ಇದೆ: ಚೊಂಬು! ಹಿತ್ತಾಳೆಯದಾದರೆ ಒಳ್ಳೆಯದು, ವರ್ಷ ವರ್ಷ ಹೆಸರು ಕೆತ್ತಿಸಬಹುದು. ಈ ವರ್ಷ ಚೊಂಬು ಪಡೆದ ತಂಡ ಮುಂದಿನ ವರ್ಷದವರೆಗೆ ಅದನ್ನು ಮನೆಯ ಶೋಕೇಸಿನಲ್ಲಿ, ಬಂದ ನೆಂಟರಿಗೆಲ್ಲ ಕಾಣುವ ಹಾಗೆ, ಇಟ್ಟುಕೊಳ್ಳಬೇಕೆಂಬ ಒಂದು ನಿಯಮ ಸೇರಿಸಿದರೆ ಸಾಕು.